ಒಂದು ಹೆಬ್ಬೆರಳು ಸಡಿಲ

ನವೆಂಬರ್ 3

ಅಕ್ಕ,

ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ಇದು ಯಾರದೆಂದು ನಿನಗೆ ಗೊತ್ತಾಗಿರುತ್ತದೆ. ಒಡೆಯದೆ ಎಲ್ಲೋ ಸಿಕ್ಕಿಸಿಡಬೇಡ, ಪೂರ್ತಿ ಓದು. ಫೋನ್ ಮಾಡಬಹುದಿತ್ತು. ಆದರೆ ಐದು ವರ್ಷದಿಂದ ಫೋನಿನಲ್ಲಿ ನಾವಿಬ್ಬರೂ “ಹೂಂ”, “ಸರಿ”, “ಇಡ್ಲಾ?” ಬಿಟ್ಟು ಬೇರೇನು ಮಾತಾಡಿದ್ದೇವೆ ಹೇಳು. ಕಾಗದವಾದರೆ ಕೋಪದಲ್ಲಿ ಬರೆದದ್ದನ್ನು ಹರಿದು ಹಾಕಿ ಇನ್ನೊಂದು ಬರೆಯಬಹುದು. ಇದು ನಾನು ಬರೆಯುತ್ತಿರುವ ಮೂರನೆಯದು.

ನನಗೆ ನಿನ್ನಿಂದ ಒಂದು ಸಹಾಯ ಆಗಬೇಕು. ಇಲ್ಲಿನ ಆಸ್ಪತ್ರೆಯಲ್ಲಿ ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳನ್ನು ಇಡುವ ವಾರ್ಡಿದೆ. ಆ ಮಕ್ಕಳಿಗೆ ಕುಲಾವಿ ಹೆಣೆದುಕೊಡುವ ಕೆಲಸ ಈ ವರ್ಷ ನನಗೆ ಸಿಕ್ಕಿದೆ. ಹೆಣೆಯುವುದು ನನ್ನ ಯಂತ್ರ. ಹೌದು, ನಮ್ಮ ಉಣ್ಣೆ ಅಂಗಡಿಯಲ್ಲಿ ನೀನು ಗಿರಾಕಿಗಳ ಎದುರಿಗೇ “ಅದು ಹೆಣೆದದ್ದು ಹಾಕ್ಕೊಳ್ಳೋದೂ ಒಂದೇ, ಗೋಣಿಚೀಲ ಹಾಕ್ಕೊಳ್ಳೋದೂ ಒಂದೇ” ಅಂದೆಯಲ್ಲ, ಅದೇ ಯಂತ್ರ.

ಮೊನ್ನೆ ವಾರ್ಡಿನ ಹಿರಿಯ ನರ್ಸ್ ನನ್ನನ್ನು ಒಳಗೆ ಕರೆದು, ಒಂದು ಮಗುವಿನ ಕುಲಾವಿ ಮೇಲಕ್ಕೆತ್ತಿ ತೋರಿಸಿದರು. ಹಣೆಯ ಮೇಲೆ ಕೆಂಪಗೆ ಒಂದು ಗೆರೆ. “ನೋಡಿ, ಇವರ ಚರ್ಮ ಈರುಳ್ಳಿ ಸಿಪ್ಪೆಗಿಂತ ತೆಳು. ದೊಡ್ಡದು ಹಾಕಿದ್ರೆ ಜಾರಿ ಕಣ್ಣಿಗೆ ಬರುತ್ತೆ, ಚಿಕ್ಕದು ಹಾಕಿದ್ರೆ ಹೀಗೆ ಕಚ್ಚುತ್ತೆ. ಚಳಿ ಮುಗಿಯೋದ್ರೊಳಗೆ ಸರಿ ಮಾಡಿಕೊಡಿ. ಆಗಲ್ಲ ಅಂದ್ರೆ ಬೇರೆಯವರನ್ನ ನೋಡ್ಕೋತೀವಿ” ಅಂದರು. ಆ ಹಣೆ ನನ್ನ ಅಂಗೈಯಲ್ಲಿ ಅರ್ಧ ಕೂಡ ಇರಲಿಲ್ಲ ಅಕ್ಕ.

ನಮ್ಮ ಅಂಗಡಿಯಲ್ಲಿ ನೀನು ಹೆಣೆದ ಕುಲಾವಿ ಯಾವ ಮಗುವಿನ ಹಣೆಗೂ ಗೆರೆ ಎಳೆದದ್ದಿಲ್ಲ. ಸ್ವೆಟರು ನನ್ನದು, ಕುಲಾವಿ ನಿನ್ನದು ಅಂತ ಹಂಚಿಕೊಂಡಿದ್ದೆವು, ಹಾಗಾಗಿ ನಾನು ಕಲಿಯಲೇ ಇಲ್ಲ. ಈಗ ಕಲಿಸು. ಯಂತ್ರಕ್ಕೆ ಕೈ ನೋಡಿ ಕಲಿಯಲು ಬರುವುದಿಲ್ಲ, ಸಾಲು ಸಾಲಾಗಿ ಬರೆದುಕೊಡಬೇಕು. ಆ ಬರಹಕ್ಕೆ ಕೋಡ್ ಅನ್ನುತ್ತಾರೆ. ಕೋಡ್ ಬರೆಯುವವರೆಲ್ಲ ಅದನ್ನು ಇಟ್ಟುಕೊಳ್ಳುವ ತಾಣವೊಂದು ಇಂಟರ್ನೆಟ್ಟಿನಲ್ಲಿದೆ. ಅಲ್ಲಿ ಯಾರು ಯಾವ ಸಾಲು ಬರೆದರು, ಯಾರು ತಿದ್ದಿದರು ಅನ್ನುವುದೆಲ್ಲ ಹೆಸರಿನ ಸಮೇತ ಉಳಿಯುತ್ತದೆ. ನೀನು ಹೇಳಿ ನಾನು ಬರೆದರೆ ಸಾಲು ನನ್ನ ಹೆಸರಿಗೆ ಬೀಳುತ್ತದೆ, ಅದು ನನಗೆ ಬೇಡ. ನಿನ್ನ ಕೈಕೆಲಸ ನಿನ್ನ ಹೆಸರಿನಲ್ಲೇ ಇರಲಿ. ಅದಕ್ಕೆ ನೀನು ಅಲ್ಲಿ ಒಂದು ಖಾತೆ ತೆರೆಯಬೇಕು. ಪುಕ್ಕಟೆ. ಹೇಗೆಂದು ಹಾಳೆಯ ಹಿಂಬದಿಯಲ್ಲಿ ಬರೆದಿದ್ದೇನೆ.

ಜೊತೆಗೆ ಒಂದು ಮಾದರಿ ಕುಲಾವಿ ಹೆಣೆದು ಕಳಿಸು. ನಿನಗೆ ಅದು ಒಂದು ಸಂಜೆಯ ಕೆಲಸ.

ನಿನ್ನ
ಗಂಟು
(ಈ ಹೆಸರಿಟ್ಟವಳು ನೀನೇ. ನಾನು ಮುಟ್ಟಿದ ಉಣ್ಣೆಯೆಲ್ಲ ಗಂಟಾಗುತ್ತಿತ್ತಲ್ಲ.)


ನವೆಂಬರ್ 19

ಗಂಟು,

ಕಾಗದ ಬಂತು, ಒಡೆದೆ, ಓದಿದೆ. ಅಕ್ಷರ ಭಾವನದು ಅಂತ ಹುಬ್ಬೇರಿಸಬೇಡ. ನನ್ನ ಕನ್ನಡಕದ ಕಾಲು ಮುರಿದಿದೆ. ನಾನು ಹೇಳುತ್ತಿದ್ದೇನೆ, ಅವರು ಬರೆಯುತ್ತಿದ್ದಾರೆ. ಬಸ್ಸು ಓಡಿಸುವುದರಿಂದ ನಿವೃತ್ತಿಯಾದ ಮೇಲೆ ಅವರಿಗೂ ಕೈಗೊಂದು ಕೆಲಸ ಬೇಕಲ್ಲ.

ಗೋಣಿಚೀಲದ ಮಾತನ್ನು ಇನ್ನೂ ಕಟ್ಟಿಕೊಂಡು ಓಡಾಡುತ್ತಿದ್ದೀಯಾ? ನಾನು ಬೈದದ್ದು ಯಂತ್ರವನ್ನು. ನೀನು ಅದರ ಪರವಾಗಿ ಮುಖ ಊದಿಸಿಕೊಂಡು, ವಾರದೊಳಗೆ ಗಂಟುಮೂಟೆ ಕಟ್ಟಿ ಹೊರಟೆ. ಇರಲಿ. ಮಗುವಿನ ಹಣೆಗೆ ಗೆರೆ ಬಿದ್ದಿದೆ ಅಂತ ಬರೆದಿದ್ದೀಯ, ಅದಕ್ಕಾಗಿ ನಿನ್ನ ತಾಣಕ್ಕೆ ಹೋಗಿದ್ದೆ. ನಿನಗಾಗಿ ಅಲ್ಲ.

ಮನೆಯಲ್ಲಿ ಕಂಪ್ಯೂಟರ್ ಇಲ್ಲ, ಹಾಗಾಗಿ ನಾವಿಬ್ಬರೂ ಗ್ರಂಥಾಲಯಕ್ಕೆ ಹೋದೆವು. ಮೊದಲು ಅದು ಹೆಸರು ಕೇಳಿತು. ನನ್ನ ನಿಜವಾದ ಹೆಸರು ಅದಕ್ಕ್ಯಾಕೆ ಅಂತ, ನೀನು ನನ್ನನ್ನು ಕರೆಯುತ್ತಿದ್ದ ಹಾಗೆ “ಉಂಡೆ” ಅಂತ ಕೊಟ್ಟೆ. ಉಣ್ಣೆಯ ಉಂಡೆ ಇದ್ದ ಹಾಗೆ ಇದ್ದೆನಲ್ಲ ಆಗ. ಆ ಹೆಸರನ್ನು ಆಗಲೇ ಯಾರೋ ತೆಗೆದುಕೊಂಡಿದ್ದಾರಂತೆ! ಲೋಕದಲ್ಲಿ ಇನ್ಯಾರನ್ನು ಉಂಡೆ ಅನ್ನುತ್ತಾರೆ? ಬೇಕಾದರೆ ಉಂಡೆ-47 ಇಟ್ಟುಕೋ ಅಂತ ಅದೇ ಸಲಹೆ ಕೊಟ್ಟಿತು. “ನಾನೇನು ಬಸ್ಸಾ, ನಂಬರು ಹಚ್ಕೊಂಡು ತಿರುಗೋಕೆ?” ಅಂದೆ. “ನಂಬರಿಲ್ಲದ ಬಸ್ಸಿಗೆ ಯಾರೂ ಹತ್ತಲ್ಲ ಕಣೆ” ಅಂದರು ನಿನ್ನ ಭಾವ. ಗ್ರಂಥಪಾಲಕಿ ತುಟಿಯ ಮೇಲೆ ಬೆರಳಿಟ್ಟು ನಮ್ಮಿಬ್ಬರನ್ನೂ ಸುಮ್ಮನಾಗಿಸಿದಳು.

ಆಮೇಲೆ ನಾನು ಮನುಷ್ಯಳೇ ಅಂತ ಸಾಬೀತು ಮಾಡಬೇಕಂತೆ. ಒಂಬತ್ತು ಚಿತ್ರ ತೋರಿಸಿ, ಸೈಕಲ್ ಇರುವುದನ್ನೆಲ್ಲ ಒತ್ತು ಅಂದಿತು. ಒಂದು ಚಿತ್ರದ ಮೂಲೆಯಲ್ಲಿ ಹ್ಯಾಂಡಲಿನ ತುದಿ ಮಾತ್ರ ಕಾಣುತ್ತಿತ್ತು. ಅದು ಸೈಕಲ್ಲೇ ಅಂತ ನಾನು, ಅಲ್ಲ ಅಂತ ಅವರು. ಅವರ ಮಾತು ಕೇಳಿದೆ, ಮನುಷ್ಯಳಲ್ಲ ಅಂದಿತು. ಎರಡನೇ ಸಲ ನನ್ನ ಮಾತು ನಡೆಸಿದೆ, ಮನುಷ್ಯಳಾದೆ.

ಗುಟ್ಟಿನ ಪದ ಇಡು, ಯಾರಿಗೂ ಹೇಳಬೇಡ ಅಂದಿತು. ಪಕ್ಕದಲ್ಲಿ ಕೂತವರಿಗೆ ಹೇಳದೆ ಹೇಗೆ? ಒತ್ತುವವರು ಅವರು. ಕೊನೆಗೆ ಮೇಲ್‌ಗೆ ಒಂದು ಸಂಖ್ಯೆ ಕಳಿಸಿದ್ದೇನೆ, ಅದನ್ನು ಇಲ್ಲಿ ಹಾಕು ಅಂದಿತು. ನನಗೆಲ್ಲಿಯ ಮೇಲ್, ಕೊಟ್ಟದ್ದು ಭಾವನದು. ಅದು ಬರುವುದು ಅವರ ಫೋನಿಗೆ. ಫೋನು ಮನೆಯಲ್ಲಿ ಚಾರ್ಜಿಗೆ ಹಾಕಿತ್ತು! ಅವರು ಮನೆಗೆ ಹೋಗಿ, ಅದನ್ನು ತಂದು, ಏದುಸಿರು ಬಿಡುತ್ತಾ ಸಂಖ್ಯೆ ಓದುವಷ್ಟರಲ್ಲಿ ಅದರ ಗಡುವು ಮುಗಿದಿತ್ತು. ಅಲ್ಲಿಗೆ ಬಿಟ್ಟು ಬಂದೆವು.

ಮಾದರಿ ಈಗ ಆಗುವುದಿಲ್ಲ. ಮನೆಯಲ್ಲಿ ಒಳ್ಳೆಯ ಉಣ್ಣೆ ಇಲ್ಲ.

ಅಕ್ಕ


ನವೆಂಬರ್ 28

ಅಕ್ಕ,

ಸೈಕಲ್ಲಿನ ಕಥೆ ಓದಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ನಿನ್ನ ಕಾಗದವನ್ನು ಯಂತ್ರದ ಪಕ್ಕದ ಗೋಡೆಗೆ ಅಂಟಿಸಿದ್ದೇನೆ. ನಾನು ಇಲ್ಲಿಗೆ ಬಂದ ಮೇಲೆ ಈ ಕೋಣೆಯಲ್ಲಿ ಒಬ್ಬಳೇ ಇಷ್ಟು ಜೋರಾಗಿ ನಕ್ಕದ್ದು ಇದೇ ಮೊದಲು.

ಭಾವನಿಗೆ ಹೇಳು, ಫೋನು ಜೇಬಿನಲ್ಲಿಟ್ಟುಕೊಂಡು ಬರಲಿ. ಸಂಖ್ಯೆಯ ಗಡುವು ಮುಗಿದಿದ್ದರೆ ಚಿಂತೆಯಿಲ್ಲ, ಕೆಳಗೆ “ಮತ್ತೆ ಕಳಿಸು” ಅಂತ ಇರುತ್ತದೆ, ಒತ್ತಿದರೆ ಹೊಸದು ಬರುತ್ತದೆ. ಗುಟ್ಟಿನ ಪದ ಉದ್ದವಾಗಿರಲಿ, ನಿನಗೆ ಮರೆಯದಂಥದ್ದಾಗಿರಲಿ. ಅದನ್ನು ಕಾಗದದಲ್ಲಿ ಬರೆದು ನನಗೆ ಕಳಿಸಬೇಡ. ಖಾತೆ ಆದ ಮೇಲೆ ಹೆಸರು ಮಾತ್ರ ತಿಳಿಸು, ನಾನು ಕುಲಾವಿಯ ಕೋಡ್ ಇರುವ ಕಡತಕ್ಕೆ ನಿನ್ನನ್ನು ಸೇರಿಸುತ್ತೇನೆ. ಆಮೇಲೆ ತಪ್ಪು ಕಂಡಲ್ಲಿ ನೀನೇ ಕೈ ಹಾಕಿ ತಿದ್ದಬಹುದು.

ಉಣ್ಣೆ ಇಲ್ಲ ಅಂದೆಯಲ್ಲ, ಪಾರ್ಸೆಲ್ ಮಾಡಿದ್ದೇನೆ. ವಾರ್ಡಿಗೆ ಬಳಸುವುದೇ ಅದು, ನಾಲ್ಕು ಉಂಡೆ. ಇನ್ನು ನೆಪ ಹೇಳಬೇಡ.

ಗಂಟು


ಡಿಸೆಂಬರ್ 14

ಗಂಟು,

ಖಾತೆ ಆಯಿತು. ನನ್ನ ಹೆಸರು ಈಗ “ಹಳೇ-ಉಂಡೆ”. ಅದನ್ನು ಯಾರೂ ತೆಗೆದುಕೊಂಡಿರಲಿಲ್ಲ, ಯಾಕೆ ತೆಗೆದುಕೊಳ್ಳುತ್ತಾರೆ. ಗ್ರಂಥಪಾಲಕಿಯೂ ನಮ್ಮ ಬೆನ್ನ ಹಿಂದೆ ನಿಂತು ನೋಡುತ್ತಿದ್ದಳು. ಸ್ವಾಗತ ಅಂತ ಬಂದಾಗ ಮೂವರೂ ಒಟ್ಟಿಗೆ ಉಸಿರು ಬಿಟ್ಟೆವು.

ಒಳಗೆ ಬಿಡುವ ಮೊದಲು ಅದು ಇನ್ನೊಂದು ಪ್ರಶ್ನೆ ಕೇಳಿತು. ನಿಮ್ಮ ಜೊತೆ ಎಷ್ಟು ಜನ ಕೆಲಸ ಮಾಡುತ್ತಾರೆ ಅಂತ. ಭಾವ ನನ್ನ ಮುಖ ನೋಡಿದರು. “ನಾನೊಬ್ಬಳೇ” ಅಂತ ಒಂದು ಇತ್ತು, ಅದನ್ನೇ ಒತ್ತಿ ಅಂದೆ.

ಹೆಸರನ್ನು ಭಾವ ಫೋನಿನಲ್ಲಿ ತಿಳಿಸಿದ ಮಾರನೆಯ ದಿನವೇ ನಿನ್ನ ಕಡತ ಕಾಣಿಸಿತು. ಓದಿದೆ. ನಿನ್ನ ಯಂತ್ರದ ಭಾಷೆ ನಮ್ಮ ಮಾತಿಗಿಂತ ಬೇರೆಯೇನಲ್ಲ. ಇಷ್ಟು ಕುಣಿಕೆ ಹಾಕು, ಎರಡನ್ನು ಸೇರಿಸು, ತಿರುಗು, ಇನ್ನೊಂದು ಸಾಲು. ಅಮ್ಮ ನಮಗೆ ಬಾಯಲ್ಲಿ ಹೇಳಿಕೊಡುತ್ತಿದ್ದದ್ದೇ. ಓದುತ್ತಾ ಹೋದ ಹಾಗೆ ನನಗೆ ಕುಲಾವಿ ಕಣ್ಣಿಗೆ ಕಟ್ಟಿತು. ತಪ್ಪೂ ಕಂಡಿತು. ಏ ಹುಡುಗಿ, ನೀನು ಹಣೆಯಿಂದ ಶುರುಮಾಡಿ ನೆತ್ತಿಗೆ ಹೋಗಿದ್ದೀಯ! ಮೊದಲ ಸಾಲು ಯಾವಾಗಲೂ ಬಿಗಿ, ಅದು ಹಣೆಯ ಮೇಲೆ ಕೂತರೆ ಕಚ್ಚದೆ ಏನು ಮಾಡುತ್ತದೆ? ನೆತ್ತಿಯಿಂದ ಶುರುಮಾಡಿ ಹಣೆಗೆ ಇಳಿಯಬೇಕು. ಬಿಗಿ ಇರುವುದು ನೆತ್ತಿಯಲ್ಲಿ ಉಳಿಯಬೇಕು, ಸಡಿಲ ಇರುವುದು ಹಣೆಗೆ ಬರಬೇಕು.

ಅಮ್ಮನ ಕಟ್ಟುನಿಟ್ಟು ನಿನಗೆ ನೆನಪಿದೆ. ತಪ್ಪು ಕಂಡ ಮೇಲೆ ಮುಂದೆ ಒಂದು ಕುಣಿಕೆಯೂ ಹಾಕುವ ಹಾಗಿಲ್ಲ, ತಪ್ಪಿನ ತನಕ ಬಿಚ್ಚಬೇಕು. ತಪ್ಪು ಮೊದಲ ಸಾಲಿನಲ್ಲೇ ಇತ್ತು. ಆದ್ದರಿಂದ ತುದಿಯಿಂದ ಹಿಡಿದು ಒಂದೊಂದೇ ಸಾಲು ಬಿಚ್ಚುತ್ತಾ ಬಂದೆ. ನಾನು ಹೇಳುತ್ತಾ ಹೋದೆ, ನಿನ್ನ ಭಾವ ಅಳಿಸುತ್ತಾ ಹೋದರು, ಪ್ರತಿ ಸಾಲಿಗೂ ಉಳಿಸು ಅಂತ ಒತ್ತಿದರು. ಅರ್ಧ ಆಗುವಷ್ಟರಲ್ಲಿ ಗ್ರಂಥಪಾಲಕಿ “ಅಮ್ಮಾ, ಬಾಗಿಲು ಹಾಕ್ತೀನಿ” ಅಂದಳು. ಉಳಿದದ್ದನ್ನು ಮುಂದಿನ ವಾರ ಹೋಗಿ ಬಿಚ್ಚುತ್ತೇನೆ. ಅಲ್ಲಿಯವರೆಗೆ ಅದನ್ನು ಮುಟ್ಟಬೇಡ.

ಉಣ್ಣೆ ಬಂತು. ತುಂಬಾ ಮೃದುವಾಗಿದೆ. ಕೆನ್ನೆಗೆ ಒತ್ತಿಕೊಂಡು ನೋಡಿ ಪೆಟ್ಟಿಗೆಯಲ್ಲಿಟ್ಟೆ. ಕಡ್ಡಿಗಳು ಎಲ್ಲಿವೆಯೋ ಹುಡುಕಬೇಕು.

ಅಕ್ಕ

(ಕಡ್ಡಿಗಳು ಕಿಟಕಿಯ ಮೇಲೆ, ಯಾವಾಗಲೂ ಇರುವ ಜಾಗದಲ್ಲೇ ಇವೆ. ಬರೆಯಬೇಡಿ ಅಂದಳು. ಬರೆದೆ. – ಭಾವ)


ಡಿಸೆಂಬರ್ 20

ಅಕ್ಕ,

ನಿನ್ನ ಕಾಗದ ತಲುಪುವ ಮೊದಲೇ ನಿನ್ನ ಕೆಲಸ ನನ್ನನ್ನು ತಲುಪಿತು. ನನ್ನ ಯಂತ್ರ ಬೆಳಗ್ಗೆ ಎದ್ದ ಕೂಡಲೇ ಆ ತಾಣದಿಂದ ತಾನೇ ಕಡತವನ್ನು ಎಳೆದುಕೊಂಡು ಹೆಣೆಯಲು ಶುರುಮಾಡುತ್ತದೆ. ನಾನು ಹಾಲು ತರಲು ಹೋಗಿದ್ದೆ. ಬಂದು ನೋಡಿದರೆ ಬುಟ್ಟಿಯ ತುಂಬಾ ಉಣ್ಣೆಯ ಬಳೆಗಳು! ಹಣೆಯ ಅಂಚು ಇದೆ, ಮೇಲೆ ನೆತ್ತಿಯೇ ಇಲ್ಲ. ಯಾರೋ ಕಳ್ಳರು ಖಾತೆಯೊಳಗೆ ನುಗ್ಗಿದ್ದಾರೆ ಅಂದುಕೊಂಡು ತೆರೆದರೆ, ಸಾಲು ಸಾಲಿಗೂ “ಹಳೇ-ಉಂಡೆ ಅಳಿಸಿದ್ದಾರೆ”, “ಹಳೇ-ಉಂಡೆ ಅಳಿಸಿದ್ದಾರೆ”.

ನಿಜ ಹೇಳುತ್ತೇನೆ, ಮೊದಲು ಕೆಂಡದಂಥ ಕೋಪ ಬಂತು. ಆ ಕಡತಕ್ಕೆ ನಾನು ಮೂರು ತಿಂಗಳು ತಲೆ ಕೆಡಿಸಿಕೊಂಡಿದ್ದೆ. ಮತ್ತೆ ನೆನಪಾಯಿತು, ಆ ತಾಣದಲ್ಲಿ ಏನೂ ಹೋಗುವುದಿಲ್ಲ. ಬಿಚ್ಚಿದ್ದೂ ಅಲ್ಲೇ ಇರುತ್ತದೆ, ಹೆಣೆದದ್ದೂ ಅಲ್ಲೇ ಇರುತ್ತದೆ, ಒಂದು ಒತ್ತಿದರೆ ಹಳೆಯದು ಹಾಗೇ ವಾಪಸ್ಸು ಬರುತ್ತದೆ. ಅಲ್ಲಿ ತಪ್ಪಿನ ಸಾಲೊಂದನ್ನೇ ತಿದ್ದಿದರೆ ಸಾಕು ಅಕ್ಕ, ತುದಿಯಿಂದ ಬಿಚ್ಚಿಕೊಂಡು ಬರಬೇಕಾಗಿಲ್ಲ. ಇದನ್ನು ನಾನು ಮೊದಲೇ ಹೇಳಬೇಕಿತ್ತು. ಅಮ್ಮನ ಮಗಳು ನೀನು ಅನ್ನುವುದು ಮರೆತಿದ್ದೆ.

ವಾಪಸ್ಸು ತರಲು ಬೆರಳು ಎತ್ತಿದವಳು, ಒಂದು ಬಳೆಯನ್ನು ಜೇಬಿಗೆ ಹಾಕಿಕೊಂಡು ಆಸ್ಪತ್ರೆಗೆ ಹೋದೆ. ನರ್ಸ್ ಅದನ್ನು ತಮ್ಮ ಮೂರು ಬೆರಳಿಗೆ ಹಾಕಿ, ಎಳೆದು, ತಿರುಗಿಸಿ ನೋಡಿದರು. ಬಿಟ್ಟಾಗ ಬೆರಳಿನ ಮೇಲೆ ಗೆರೆ ಉಳಿದಿತ್ತು. “ಇದೇ ನೋಡಿ ಕಚ್ಚೋದು. ಮೇಲಿನದೆಲ್ಲ ಸರಿಯಾಗೇ ಇದೆ” ಅಂದರು. ನೀನು ಕಡತ ಓದಿ ಹೇಳಿದ್ದನ್ನೇ ಅವರು ಮುಟ್ಟಿ ಹೇಳಿದರು.

ಹಾಗಾಗಿ ನಾನು ಹಳೆಯದನ್ನು ವಾಪಸ್ಸು ತರಲಿಲ್ಲ. ನೀನು ಬಿಟ್ಟಿದ್ದ ಅರ್ಧವನ್ನೂ ನಾನೇ ಬಿಚ್ಚಿ, ನೆತ್ತಿಯಿಂದ ಹೊಸದಾಗಿ ಬರೆದಿದ್ದೇನೆ. ಕೊನೆಯ ಸಾಲು ಮಾತ್ರ ಖಾಲಿ ಬಿಟ್ಟಿದ್ದೇನೆ. ಅಂಚನ್ನು ನೀನು ಎಷ್ಟು ಸಡಿಲ ಬಿಡುತ್ತಿದ್ದೆ? ಯಂತ್ರಕ್ಕೆ ಅಳತೆ ಬೇಕು. ಆ ಸಾಲು ನಿನ್ನದು.

ಭಾವನ ಕಂಸದೊಳಗಿನ ಮಾತು ಓದಿದೆ. ಕಡ್ಡಿಗಳು ಸಿಕ್ಕಿದವಲ್ಲ, ಮಾದರಿ ಎಲ್ಲಿ?

ಗಂಟು


ಜನವರಿ 6

ಗಂಟು,

ಮೂರು ತಿಂಗಳ ಕೆಲಸ ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಬಿಚ್ಚುತ್ತಿದ್ದೆ, ಆದರೆ ಮೊದಲು ಒಂದು ಮಾತು ಹೇಳುತ್ತಿದ್ದೆ.

ಅಂಚಿನ ಅಳತೆ ಕೇಳಿದ್ದೀಯ. ಅದಕ್ಕೆ ಅಳತೆ ಅಂತ ಇಲ್ಲ, ಹೆಬ್ಬೆರಳು ಇದೆ. ಕೊನೆಯ ಸಾಲು ಮುಚ್ಚುವಾಗ ನಾಲ್ಕು ಕುಣಿಕೆಗೊಮ್ಮೆ ಉಣ್ಣೆಯನ್ನು ಹೆಬ್ಬೆರಳಿಗೆ ಒಂದು ಸುತ್ತು ಹಾಕುತ್ತೇನೆ, ಮುಂದಿನ ಕುಣಿಕೆ ಮುಗಿದ ಮೇಲೆ ಬೆರಳು ಎಳೆದುಕೊಳ್ಳುತ್ತೇನೆ. ಆ ಒಂದು ಸುತ್ತಿನ ಉಣ್ಣೆ ಅಂಚಿನಲ್ಲಿ ಹಂಚಿಹೋಗುತ್ತದೆ. ಮಗು ಅತ್ತಾಗ ಹಣೆ ಹಿಗ್ಗುತ್ತದಲ್ಲ, ಆಗ ಅಂಚೂ ಅಷ್ಟೇ ಹಿಗ್ಗುತ್ತದೆ. ಅಮ್ಮ ಇದಕ್ಕೆ “ಒಂದು ಹೆಬ್ಬೆರಳು ಸಡಿಲ” ಅನ್ನುತ್ತಿದ್ದಳು. ನೀನು ಆಗ ಹೊರಗೆ ಆಡಲು ಹೋಗಿರುತ್ತಿದ್ದೆ.

ನಿನ್ನ ಖಾಲಿ ಸಾಲು ತುಂಬಿದ್ದೇವೆ. ನನ್ನ ಹೆಬ್ಬೆರಳಿಗೆ ದಾರ ಸುತ್ತಿ, ಬಿಡಿಸಿ, ಸ್ಕೇಲಿನ ಮೇಲಿಟ್ಟು ಓದಿದ್ದು ನಿನ್ನ ಭಾವ. ನಿನಗೆ ನಂಬಿಕೆ ಇಲ್ಲದಿದ್ದರೆ ಅಂತ ಆ ದಾರವನ್ನೂ ಲಕೋಟೆಯಲ್ಲಿ ಇಟ್ಟಿದ್ದೇನೆ. ತಿದ್ದುಪಡಿಯ ಪಕ್ಕದಲ್ಲಿ ಏನು ಬದಲಿಸಿದಿರಿ ಅಂತ ಬರೆಯುವ ಜಾಗವಿದೆಯಲ್ಲ, ಅಲ್ಲಿ “ಅಕ್ಕನ ಹೆಬ್ಬೆರಳು” ಅಂತ ಬರೆಸಿದೆ.

ಮಾದರಿ ಇನ್ನು ಕೇಳಬೇಡ. ಹೇಳಿಕೊಟ್ಟಾಯಿತಲ್ಲ.

ಅಕ್ಕ


ಜನವರಿ 19

ಅಕ್ಕ,

ನಿನ್ನ ಸಾಲು ಹಾಕಿ ಮೊದಲ ಕುಲಾವಿ ಹೆಣೆಸಿದೆ. ಅಂಚು ಕಚ್ಚಲಿಲ್ಲ. ಆದರೆ ನರ್ಸ್ ಅದನ್ನು ಮಗುವಿಗೆ ಹಾಕಿ ಕೈ ತೆಗೆದ ಕೂಡಲೇ ಹುಬ್ಬು ದಾಟಿ, ಕಣ್ಣು ಮುಚ್ಚಿ, ಮೂಗಿನ ಮೇಲೆ ಬಂದು ನಿಂತಿತು. ಇನ್ನೊಂದು ಹೆಣೆಸಿದೆ, ಅದೂ ಹಾಗೆಯೇ.

ಕೋಡಿನಲ್ಲಿ ತಪ್ಪಿರಬೇಕು ಅಂತ ಹುಡುಕಿದೆ. ಇರಲಿಲ್ಲ. ನೀನು ಕಳಿಸಿದ ದಾರವನ್ನು ತೆಗೆದು ಅಳೆದೆ. ಭಾವ ಸರಿಯಾಗಿಯೇ ಓದಿದ್ದಾರೆ. ಆಮೇಲೆ ದಾರವನ್ನು ಮತ್ತೆ ಉಂಗುರ ಮಾಡಿ, ಅದನ್ನು ಹಿಡಿದುಕೊಂಡು ಕೂತೆ.

ಅಕ್ಕ, ಇದು ನಿನ್ನ ಹೆಬ್ಬೆರಳಲ್ಲ. ನಿನ್ನ ಹೆಬ್ಬೆರಳು ನನಗೆ ಗೊತ್ತಿಲ್ಲವಾ? ಶಾಲೆಗೆ ಹೋಗುವಾಗ ದೊಡ್ಡ ರಸ್ತೆ ದಾಟಿಸುತ್ತಿದ್ದವಳು ನೀನು. ನಿನ್ನ ಒಂದು ಕೈಯಲ್ಲಿ ಚೀಲ ಇರುತ್ತಿತ್ತು, ಇನ್ನೊಂದು ಕೈ ಪೂರ್ತಿ ಹಿಡಿಯಲು ನನ್ನ ಮುಷ್ಟಿ ಸಾಲುತ್ತಿರಲಿಲ್ಲ, ಹೆಬ್ಬೆರಳು ಒಂದನ್ನೇ ಹಿಡಿದುಕೊಳ್ಳುತ್ತಿದ್ದೆ. ದೊಡ್ಡವಳಾದ ಮೇಲೂ ಅದನ್ನು ದಿನಾ ನೋಡುತ್ತಿದ್ದೆ, ಅಂಗಡಿಯಲ್ಲಿ ನನ್ನ ಎದುರಿಗೇ ಕೂತು ಹೆಣೆಯುತ್ತಿದ್ದೆಯಲ್ಲ. ತೆಳ್ಳಗಿತ್ತು, ತುದಿ ಸ್ವಲ್ಪ ಹಿಂದಕ್ಕೆ ಬಾಗಿತ್ತು. ಈ ದಾರದಷ್ಟು ದಪ್ಪ ಇರಲೇ ಇಲ್ಲ.

ಕನ್ನಡಕ ಮುರಿದಿದೆ, ಉಣ್ಣೆ ಇಲ್ಲ, ಕಡ್ಡಿ ಕಾಣಿಸುತ್ತಿಲ್ಲ. ಮೂರು ಕಾಗದ, ಒಂದರಲ್ಲೂ ನಿನ್ನ ಅಕ್ಷರವಿಲ್ಲ. ಕೈಗೆ ಏನಾಗಿದೆ? ನೆಪ ಬೇಡ. ನನಗೆ ನಿದ್ದೆ ಬರುತ್ತಿಲ್ಲ.

ಗಂಟು


ಫೆಬ್ರವರಿ 2

ಗಂಟು,

ಎರಡು ವರ್ಷವಾಯಿತು. ಮೊದಲು ಬೆಳಗ್ಗೆ ಹೊತ್ತು ಮಾತ್ರ ಬೆರಳು ಬಿಗಿದುಕೊಳ್ಳುತ್ತಿದ್ದವು, ಬಿಸಿನೀರಿನಲ್ಲಿಟ್ಟರೆ ಬಿಡುತ್ತಿದ್ದವು. ಆಮೇಲೆ ಬಿಡಲಿಲ್ಲ. ಕೀಲುಗಳು ಊದಿವೆ, ಬಲಗೈ ಹೆಬ್ಬೆರಳು ಮಡಚುವುದೇ ಇಲ್ಲ. ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ, ನೋವು ಕಡಿಮೆ. ಕಡ್ಡಿ ಮುಟ್ಟಬೇಡಿ ಅಂದಿದ್ದಾರೆ. ಪೆನ್ನನ್ನು ಅವರು ಬೇಡ ಅನ್ನಲಿಲ್ಲ, ನನಗೇ ಹಿಡಿಯಲಾಗುವುದಿಲ್ಲ. ಕನ್ನಡಕ ಸರಿಯಾಗಿಯೇ ಇದೆ.

ಅಂಗಡಿ ಮುಚ್ಚಿದ್ದು ಸೋಮಾರಿತನಕ್ಕೆ ಅಂತ ನಿನಗೆ ಯಾರೋ ಹೇಳಿರಬೇಕು. ಹೇಳಲಿ ಅಂತ ನಾನೇ ಬಿಟ್ಟೆ. ನಿನಗೆ ತಿಳಿಸಲಿಲ್ಲ ಯಾಕೆಂದರೆ “ನೋಡು, ಯಂತ್ರಕ್ಕೆ ಕೀಲುನೋವು ಬರಲ್ಲ” ಅಂತ ನೀನು ಅಂದುಬಿಟ್ಟರೆ ಅಂತ ಹೆದರಿದೆ. ನೀನು ಅನ್ನುವವಳಲ್ಲ, ಗೊತ್ತು. ಆದರೂ ಹೆದರಿದೆ.

ನಿನ್ನ ಮೊದಲ ಕಾಗದ ಬಂದ ದಿನ ಎಷ್ಟು ಸಂತೋಷವಾಯಿತು ಅಂತ ನಿನಗೆ ಗೊತ್ತಿಲ್ಲ. ಮಾದರಿ ಕೇಳಿದ ಸಾಲು ಬಂದಾಗ ಅಷ್ಟೇ ಅಳು ಬಂತು. ಆಗುವುದಿಲ್ಲ ಅಂದರೆ ನೀನು ಬೇರೆ ಯಾರನ್ನೋ ಕೇಳುತ್ತೀಯ, ಕಾಗದ ನಿಂತುಹೋಗುತ್ತದೆ. ಅದಕ್ಕೆ ಸೈಕಲ್ಲು, ಉಂಡೆ, ಬಸ್ಸು ಅಂತ ಬರೆಸಿದೆ. ಹೆಬ್ಬೆರಳು ಊದಿದೆ ಅಂತ ನನಗೆ ಗೊತ್ತಿತ್ತು. ದಾರ ಸುತ್ತುವಾಗ ಮರೆತೆ ಅಂದರೆ ನಂಬು. ನನ್ನ ಮನಸ್ಸಿನಲ್ಲಿ ಅದು ಹಳೆಯ ಹೆಬ್ಬೆರಳೇ.

ಹಳೆಯ ಅಳತೆ ಎಷ್ಟಿತ್ತೋ ಈಗ ಗೊತ್ತಿಲ್ಲ. ನರ್ಸಮ್ಮನಿಗೆ ನನ್ನ ಕಡೆಯಿಂದ ಕ್ಷಮೆ ಕೇಳು.

ಅಕ್ಕ

(ಗಂಟು, ಇದನ್ನು ನಿನ್ನ ಅಕ್ಕನಿಗೆ ತೋರಿಸದೆ ಸೇರಿಸುತ್ತಿದ್ದೇನೆ. ನಿಮ್ಮೂರಿನಿಂದ ಬೆಳಗಿನ ಮೊದಲ ಬಸ್ಸು ಹಿಡಿದರೆ ಮಧ್ಯಾಹ್ನದ ಊಟಕ್ಕೆ ಇಲ್ಲಿರಬಹುದು. ಎಡಗಡೆ ಕಿಟಕಿಯ ಪಕ್ಕ ಕೂರು, ಬಿಸಿಲು ಬಡಿಯುವುದಿಲ್ಲ. – ಭಾವ)


ಫೆಬ್ರವರಿ 20

ಅಕ್ಕ,

ಸುಖವಾಗಿ ತಲುಪಿದೆ. ಎಡಗಡೆಯೇ ಕೂತಿದ್ದೆ ಅಂತ ಭಾವನಿಗೆ ಹೇಳು.

ನಿನ್ನ ಮನೆಯಲ್ಲಿ ಇದ್ದ ಆ ವಾರವಿಡೀ ನಾವು ಅಂಗಡಿಯ ಮಾತೂ ಎತ್ತಲಿಲ್ಲ, ಯಂತ್ರದ ಮಾತೂ ಎತ್ತಲಿಲ್ಲ. ಎತ್ತಬೇಕು ಅಂತ ದಾರಿಯುದ್ದಕ್ಕೂ ವಾಕ್ಯ ಜೋಡಿಸಿಕೊಂಡು ಬಂದಿದ್ದೆ. ಬಾಗಿಲು ತೆಗೆದು ನೀನು “ಸೊರಗಿದ್ದೀಯ” ಅಂದ ಮೇಲೆ ಆ ವಾಕ್ಯಗಳೆಲ್ಲ ಮರೆತುಹೋದವು.

ಕೊನೆಯ ದಿನ ಪಾತ್ರೆ ತೊಳೆಯುತ್ತಿದ್ದಾಗ ನೀನು ಹಿಂದಿನಿಂದ ಬಂದು ನನ್ನ ಒದ್ದೆ ಕೈ ಹಿಡಿದುಕೊಂಡು, ಹೆಬ್ಬೆರಳನ್ನು ಮುಟ್ಟಿ ಮುಟ್ಟಿ ನೋಡಿ, “ಇದೇ. ಇಷ್ಟೇ ಇತ್ತು ನಂದು. ನಿನಗೆ ಯಾವಾಗ ಬಂತು ಇದು?” ಅಂದೆಯಲ್ಲ. ಬಸ್ಸಿನಲ್ಲಿ ನನ್ನ ಹೆಬ್ಬೆರಳಿಗೆ ದಾರ ಸುತ್ತಿ, ಗಂಟು ಹಾಕಿ ತಂದೆ. ಇದರ ಜೊತೆ ಇಟ್ಟಿದ್ದೇನೆ.

ಇದರ ಅಳತೆಯನ್ನು ನಾನು ಕಡತಕ್ಕೆ ಹಾಕಿಲ್ಲ, ಹಾಕುವುದೂ ಇಲ್ಲ. ಬೆರಳು ನನ್ನದಿರಬಹುದು, ಸಡಿಲ ನಿನ್ನದು. ಯಂತ್ರ ನಿಲ್ಲಿಸಿಟ್ಟಿದ್ದೇನೆ. ನರ್ಸ್ ಎರಡು ಸಲ ಹೇಳಿ ಕಳಿಸಿದರು, “ಅಕ್ಕನ ಸಾಲಿಗೆ ಕಾಯ್ತಿದ್ದೀನಿ, ಇನ್ನು ಕೆಲವೇ ದಿನ” ಅಂದಿದ್ದೇನೆ. ಚಳಿ ಇನ್ನೂ ಇದೆ. ಗ್ರಂಥಾಲಯಕ್ಕೆ ಹೋಗು.

ಗಂಟು


ಮಾರ್ಚ್ 5

ಅಕ್ಕ,

ನಿನ್ನೆ ಬೆಳಗ್ಗೆ ಯಂತ್ರದ ಮುಂದೆ ಕೂತು ತಾಣ ತೆರೆದೆ. “ಹಳೇ-ಉಂಡೆ ಒಂದು ಸಾಲು ಬದಲಿಸಿದ್ದಾರೆ.” ಪಕ್ಕದಲ್ಲಿ ನೀನು ಬರೆದ ಮಾತು: “ಗಂಟುವಿನ ಹೆಬ್ಬೆರಳು, ಅಕ್ಕ ನೋಡಿ ಒಪ್ಪಿದ್ದಾಳೆ.” ಅದನ್ನು ಓದಿ ಯಂತ್ರಕ್ಕೆ ಉಣ್ಣೆ ಹಾಕಿದೆ.

ಮೊದಲನೆಯದು ಆದ ಕೂಡಲೇ ಅದೊಂದನ್ನೇ ತೆಗೆದುಕೊಂಡು ಓಡಿದೆ. ವಾರ್ಡಿನಲ್ಲಿ ಮೊನ್ನೆ ಬಂದ ಮಗುವೊಂದಿದೆ, ಎಲ್ಲರಿಗಿಂತ ಚಿಕ್ಕದು. ಅದಕ್ಕೇ ಹಾಕಿದರು. ನಿಂತಿತು, ಜಾರಲಿಲ್ಲ. ಮಗು ಅತ್ತಿತು, ಹಣೆ ಹಿಗ್ಗಿತು, ಅಂಚೂ ಹಿಗ್ಗಿತು. ಸಂಜೆಯವರೆಗೆ ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಸಂಜೆ ನರ್ಸ್ ಕರೆದು, ಕುಲಾವಿ ಮೇಲಕ್ಕೆತ್ತಿ ತೋರಿಸಿದರು. ಬರೀ ಹಣೆ ಅಕ್ಕ, ಏನೂ ಇರಲಿಲ್ಲ. “ಈ ಅಂಚು ಹಾಕಿದವರಿಗೆ ಹೇಳಿ” ಅಂದು, ಕುಲಾವಿ ಸರಿಮಾಡಿ ಪಕ್ಕದ ಮಗುವಿನ ಕಡೆ ಹೋದರು. ಹೇಳುತ್ತಿದ್ದೇನೆ.

ಇನ್ನು ನಿನ್ನ ಕೆಲಸ ಮುಗಿಯಿತು ಅಂತ ಸುಮ್ಮನಾಗಬೇಡ. ಕಾಲುಚೀಲ ಕೇಳಿದ್ದಾರೆ. ಖಾಲಿ ಕಡತ ತೆರೆದಿದ್ದೇನೆ, ಮೊದಲ ಸಾಲು ನೀನು ಹಾಕು.

ಗಂಟು


ಮಾರ್ಚ್ 17

ಗಂಟು,

ಇದು ನನ್ನ ಅಕ್ಷರ. ಕಾಗೆಕಾಲು ಗುಬ್ಬಿಕಾಲು ಅಂತ ನಗಬೇಡ. ಪೆನ್ನಿಗೆ ನಿನ್ನ ಉಣ್ಣೆ ದಪ್ಪಗೆ ಸುತ್ತಿಕೊಂಡಿದ್ದೇನೆ, ಹಿಡಿಯಲು ಬರುತ್ತದೆ. ದಿನಕ್ಕೆ ಸ್ವಲ್ಪ ಸ್ವಲ್ಪವೇ ಬರೆದೆ.

ಹಣೆಯ ವಿಷಯ ಮತ್ತೆ ಮತ್ತೆ ಓದಿದೆ.

ಒಂದು ವಿಷಯ ನನ್ನ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಖಾತೆ ತೆರೆಯುವಾಗ ಎಷ್ಟು ಜನ ಅಂತ ಕೇಳಿತ್ತಲ್ಲ, ಒಬ್ಬಳೇ ಅಂದಿದ್ದೆ. ಅದನ್ನು ತಿದ್ದಬೇಕು ಅಂತ ತಾಣವನ್ನೆಲ್ಲ ಜಾಲಾಡಿದೆವು. ಜಾಗ ಸಿಗಲಿಲ್ಲ. ಅದನ್ನು ಮೊದಲಿಗೆ ಒಂದು ಸಲ ಕೇಳುತ್ತದೆ ಅಷ್ಟೇ, ಹೊಸ ಖಾತೆ ತೆರೆದರೆ ಮಾತ್ರ ಮತ್ತೆ ಕೇಳುತ್ತದೆ ಅಂದಳು ಗ್ರಂಥಪಾಲಕಿ.

ತೆರೆದೆ. ನಿನ್ನ ಭಾವನನ್ನು ದೂರ ಕೂರಿಸಿ, ಎಡಗೈ ಬೆರಳಿನಿಂದ ಎಲ್ಲವನ್ನೂ ನಾನೇ ಒತ್ತಿದೆ. ಮೇಲ್ ಕೂಡ ಹೊಸದು, ನನ್ನದೇ. ಈ ಸಲ ಸೈಕಲ್ ಬದಲು ಸಿಗ್ನಲ್ ದೀಪ ಕೇಳಿತು, ಒಂದೇ ಸಲಕ್ಕೆ ಮನುಷ್ಯಳಾದೆ. ಹೆಸರು “ಉಂಡೆ-ಗಂಟು”. ಎಷ್ಟು ಜನ ಅಂತ ಬಂತು. ಇಬ್ಬರು ಅಂತ ಬೇರೆ ಇಲ್ಲ, ಎರಡರಿಂದ ಐದು ಅಂತ ಇತ್ತು, ಅದನ್ನು ಒತ್ತಿದೆ. ಮಿಕ್ಕ ಮೂವರು ಯಾರು ಅಂತ ದೂರದಿಂದಲೇ ಕೇಳಿದರು ನಿನ್ನ ಭಾವ.

ಕಾಲುಚೀಲ ಈ ಖಾತೆಯಲ್ಲಿ ಇರಲಿ. ಇದು ಇಬ್ಬರದು, ನಿನಗೂ ಒಳಗೆ ಹೋಗಲು ಬರಬೇಕು. ಗುಟ್ಟಿನ ಪದವನ್ನು ಕಾಗದದಲ್ಲಿ ಬರೆಯಬಾರದು ಅಂತ ಕಲಿಸಿದವಳು ನೀನೇ, ಬರೆಯುವುದಿಲ್ಲ. ರಸ್ತೆ ದಾಟುವಾಗ ನೀನು ಹಿಡಿದುಕೊಳ್ಳುತ್ತಿದ್ದದ್ದು ಏನೋ, ಅದೇ.

ಅಕ್ಕ